ಚೀಲದಲ್ಲಿ ಮರೆತ ಕಾಡತೂಸು: ವಿಮಾನ ಪ್ರಯಾಣಿಕರು ತಿಳಿದಿರಬೇಕಾದ ಸಂಗತಿಗಳು

ವಿದೇಶ ಪ್ರಯಾಣವು ಈಗ ಕೆಲವರಿಗೆ ಮಾತ್ರ ಮೀಸಲಾದ ಸಂಗತಿಯಲ್ಲ. ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದು, ದೆಹಲಿ ಮೊದಲಾದ ನಗರಗಳಲ್ಲಿ ನೆಲೆಸಿರುವ ಕನ್ನಡಿಗರು ಉದ್ಯೋಗ, ವಿದ್ಯಾಭ್ಯಾಸ, ಮಕ್ಕಳ ಭೇಟಿ ಮುಂತಾದ ಕಾರಣಗಳಿಗಾಗಿ ಹೊರದೇಶಗಳಿಗೆ ಹೋಗಿಬರುತ್ತಾರೆ. ಪಾಸ್‌ಪೋರ್ಟು, ವೀಸಾ, ಔಷಧಿಗಳ ವಿಷಯದಲ್ಲಿ ವಹಿಸುವ ಎಚ್ಚರವನ್ನು ಚೀಲದ ಒಳಜೇಬುಗಳ ವಿಷಯದಲ್ಲಿ ಎಲ್ಲರೂ ವಹಿಸುವುದಿಲ್ಲ. ಹಳೆಯ ಚೀಲದ ಮೂಲೆಯಲ್ಲಿ ಉಳಿದ ಒಂದೇ ಒಂದು ಕಾಡತೂಸು ಪ್ರಯಾಣವನ್ನು ತಡೆಯುವುದಲ್ಲದೆ, ನಿರಪರಾಧಿಯನ್ನೂ ಆರೋಪಿಯ ಸ್ಥಾನದಲ್ಲಿ ನಿಲ್ಲಿಸಬಲ್ಲದು.

ಚೀಲ ಸೇರುವ ಬಗೆ

ಬಂದೂಕನ್ನು ಯಾರೂ ಮರೆತು ಚೀಲದಲ್ಲಿಡುವುದಿಲ್ಲ. ಆದರೆ ಬೆರಳುದ್ದದ ಕಾಡತೂಸು ಸುಲಭವಾಗಿ ಕಣ್ಣಿಗೆ ಬೀಳದು. ಬೆಳೆ ರಕ್ಷಣೆಗಾಗಿ ಬಂದೂಕಿನ ಪರವಾನಗಿ ಪಡೆದ ಮನೆಗಳಲ್ಲಿ ಅದೇ ಚೀಲವನ್ನು ತೋಟಕ್ಕೂ ಪ್ರಯಾಣಕ್ಕೂ ಬಳಸುವುದುಂಟು. ನಿವೃತ್ತ ಸೈನಿಕರು ನೆನಪಿಗಾಗಿ ಇಟ್ಟುಕೊಂಡ ಗುಂಡು, ಗುರಿ ಅಭ್ಯಾಸದ ಶಿಬಿರದಿಂದ ವಿದ್ಯಾರ್ಥಿಯೊಬ್ಬ ತಂದ ಖಾಲಿ ಕೋಶ, ಗುಂಡಿನ ಆಕಾರದ ಬೀಗದ ಕೈ ಗೊಂಚಲು ಇವೂ ಚೀಲ ಸೇರುತ್ತವೆ. ಬಂಧುಗಳಿಂದ ಎರವಲು ತಂದ ಪೆಟ್ಟಿಗೆಯಲ್ಲಿ ಏನಿದೆಯೆಂಬುದು ಪ್ರಯಾಣಿಕನಿಗೇ ತಿಳಿದಿರುವುದಿಲ್ಲ. ಆದರೆ ಹಿತ್ತಾಳೆ ಮತ್ತು ಸೀಸ ಸಾಂದ್ರವಾದ ಲೋಹಗಳಾದುದರಿಂದ ಕ್ಷ-ಕಿರಣ ಯಂತ್ರದ ಪರದೆಯ ಮೇಲೆ ಅವುಗಳ ಆಕಾರ ಎದ್ದು ಕಾಣುತ್ತದೆ.

ನಮ್ಮ ದೇಶದ ಕಾನೂನು

1959ರ ಆಯುಧ ಅಧಿನಿಯಮದ 3ನೆಯ ಪ್ರಕರಣದ ಪ್ರಕಾರ ಪರವಾನಗಿಯಿಲ್ಲದೆ ಬಂದೂಕನ್ನಾಗಲಿ ಮದ್ದುಗುಂಡನ್ನಾಗಲಿ ಹೊಂದುವಂತಿಲ್ಲ. 10ನೆಯ ಪ್ರಕರಣವು ಅವುಗಳನ್ನು ದೇಶದೊಳಕ್ಕೆ ತರುವುದಕ್ಕೂ ದೇಶದಿಂದ ಹೊರಕ್ಕೆ ಒಯ್ಯುವುದಕ್ಕೂ ಪರವಾನಗಿಯನ್ನು ವಿಧಿಸುತ್ತದೆ. ಪರವಾನಗಿಯಿಲ್ಲದೆ ಮದ್ದುಗುಂಡು ಹೊಂದಿದ ಅಪರಾಧಕ್ಕೆ, 2019ರ ತಿದ್ದುಪಡಿಯ ನಂತರ, ಎರಡು ವರ್ಷಗಳಿಗೆ ಕಡಿಮೆಯಿಲ್ಲದ, ಐದು ವರ್ಷಗಳವರೆಗೆ ವಿಸ್ತರಿಸಬಹುದಾದ ಕಾರಾವಾಸ ಮತ್ತು ಜುಲ್ಮಾನೆ ನಿಗದಿಯಾಗಿದೆ. ಮದ್ದುಗುಂಡಿನ ಬಿಡಿಭಾಗಗಳೂ ಅಧಿನಿಯಮದ ವ್ಯಾಖ್ಯೆಯಲ್ಲಿ ಸೇರಿರುವುದರಿಂದ ಖಾಲಿ ಕೋಶವನ್ನೂ ಜೊತೆಯಲ್ಲಿ ಒಯ್ಯದಿರುವುದೇ ಕ್ಷೇಮ.

ಹಾಗಾದರೆ ಅರಿಯದೆ ಒಯ್ದವನ ಗತಿಯೇನು? ಈ ಪ್ರಶ್ನೆಗೆ ಸರ್ವೋಚ್ಚ ನ್ಯಾಯಾಲಯವು 1972ರಷ್ಟು ಹಿಂದೆಯೇ ಉತ್ತರ ನೀಡಿದೆ. ಆಯುಧವನ್ನು ಹೊಂದಿರುವುದೆಂದರೆ ಅರಿವಿನಿಂದ ಹೊಂದಿರುವುದು ಎಂದು ಗುಣವಂತಲಾಲ್ ಪ್ರಕರಣದಲ್ಲಿ ಅದು ಅಭಿಪ್ರಾಯಪಟ್ಟಿತು. ಈ ತತ್ತ್ವವನ್ನು ಅನುಸರಿಸಿ ದೆಹಲಿ ಉಚ್ಚ ನ್ಯಾಯಾಲಯವು ವಿಮಾನ ನಿಲ್ದಾಣದಲ್ಲಿ ಬಿಡಿ ಕಾಡತೂಸು ಸಿಕ್ಕಿದ ಹಲವು ಮೊಕದ್ದಮೆಗಳನ್ನು ರದ್ದುಗೊಳಿಸಿದೆ. ಆದರೆ ಇದನ್ನು ನಂಬಿ ಉದಾಸೀನ ಮಾಡುವುದು ತರವಲ್ಲ. ಅರಿವಿರಲಿಲ್ಲವೆಂಬುದು ತೀರ್ಮಾನವಾಗುವುದು ನ್ಯಾಯಾಲಯದಲ್ಲಿ. ವಿಮಾನ ಹೊರಡುವುದು ಅದಕ್ಕೆ ಬಹಳ ಮೊದಲು. ದೂರು ದಾಖಲಾಗುವುದು ನಿಲ್ದಾಣವಿರುವ ಊರಿನಲ್ಲಾದುದರಿಂದ ಪುಣೆಯವರು ದೆಹಲಿಗೆ, ಹೈದರಾಬಾದಿನವರು ಮುಂಬಯಿಗೆ ಅಲೆಯಬೇಕಾದೀತು. ಮೊಕದ್ದಮೆ ಇತ್ಯರ್ಥವಾಗುವವರೆಗೆ ಉದ್ಯೋಗ, ವೀಸಾಗಳಿಗೂ ಅಡಚಣೆಯಾಗಬಹುದು.

ಕೊಡಗಿನವರಿಗೆ ಒಂದು ಮಾತು

ಕೊಡವ ಜನಾಂಗದವರಿಗೂ ಕೊಡಗಿನ ಜಮ್ಮಾ ಹಿಡುವಳಿದಾರರಿಗೂ ಬಂದೂಕಿನ ಪರವಾನಗಿಯಿಂದ ವಿನಾಯಿತಿ ಇದೆ. 2019ರಲ್ಲಿ ಕೇಂದ್ರ ಸರ್ಕಾರವು ಇದನ್ನು 2029ರವರೆಗೆ ವಿಸ್ತರಿಸಿತು. ಆದರೆ ಈ ವಿನಾಯಿತಿಯು ವಿಮಾನ ಭದ್ರತೆಯ ನಿಯಮಗಳನ್ನು ಸಡಿಲಿಸುವುದಿಲ್ಲ. ಅನ್ಯದೇಶದಲ್ಲಂತೂ ಅದಕ್ಕೆ ಮಾನ್ಯತೆಯೇ ಇಲ್ಲ. ಕೈಲ್‌ಪೊಳ್ದ್ ಹಬ್ಬಕ್ಕೆ ಊರಿಗೆ ಬಂದು ಅಲ್ಲಿಂದಲೇ ವಿದೇಶಕ್ಕೆ ಮರಳುವವರು ತಮ್ಮ ಚೀಲಗಳನ್ನು ಮತ್ತೊಮ್ಮೆ ನೋಡಿಕೊಳ್ಳುವುದು ಲೇಸು.

ಹೊರದೇಶಗಳ ಅನುಭವ

ಕೆರಿಬಿಯನ್ ಭಾಗದಲ್ಲಿ ಬ್ರಿಟನ್ನಿನ ಆಡಳಿತಕ್ಕೊಳಪಟ್ಟ ಟರ್ಕ್ಸ್ ಮತ್ತು ಕೈಕೋಸ್ ದ್ವೀಪಗಳ ಉದಾಹರಣೆ ಗಮನಾರ್ಹವಾದುದು. 2023 ಮತ್ತು 2024ರಲ್ಲಿ ಅಲ್ಲಿಗೆ ವಿಹಾರಕ್ಕೆ ಹೋದ ಹಲವು ಅಮೆರಿಕನ್ನರು ಚೀಲಗಳಲ್ಲಿ ಬಿಡಿ ಗುಂಡುಗಳು ಸಿಕ್ಕಿದ ಕಾರಣ ಬಂಧಿತರಾದರು. ಬೇಟೆಗೆ ಹೋದಾಗಿನ ಗುಂಡುಗಳು ಚೀಲದಲ್ಲಿ ಉಳಿದಿದ್ದುವೆಂದು ಕೆಲವರು ಹೇಳಿಕೊಂಡರು. ಅಂದಿನ ಕಾನೂನಿನಂತೆ ಕನಿಷ್ಠ ಶಿಕ್ಷೆಯೇ 12 ವರ್ಷಗಳ ಸೆರೆವಾಸವಾಗಿತ್ತು. ಕೊನೆಗೆ ನ್ಯಾಯಾಲಯವು ಅಸಾಧಾರಣ ಸಂದರ್ಭವೆಂದು ಪರಿಗಣಿಸಿ ಕೆಲವರಿಗೆ ಅಮಾನತಿನಲ್ಲಿಟ್ಟ ಶಿಕ್ಷೆ ಹಾಗೂ ದಂಡ ವಿಧಿಸಿತು. 2024ರ ಜೂನ್ ತಿಂಗಳಲ್ಲಿ ಆ ಕಾನೂನಿಗೆ ತಿದ್ದುಪಡಿ ತಂದು ನ್ಯಾಯಾಧೀಶರ ವಿವೇಚನಾಧಿಕಾರವನ್ನು ಹೆಚ್ಚಿಸಲಾಯಿತು. ಅಷ್ಟರಲ್ಲಿ ಪ್ರಯಾಣಿಕರು ವಾರಗಟ್ಟಲೆ ಮನೆಯಿಂದ ದೂರ ಉಳಿಯಬೇಕಾಯಿತು. ಇವರಲ್ಲಿ ಕೆಲವರ ಗುಂಡುಗಳು ಹೊರಡುವ ನಿಲ್ದಾಣದಲ್ಲಿ ಪತ್ತೆಯಾಗದೆ, ಮರಳುವಾಗ ಪತ್ತೆಯಾದುವು. ಒಂದು ತಪಾಸಣೆಯಲ್ಲಿ ಪಾರಾಯಿತೆಂದರೆ ಚೀಲ ಶುದ್ಧವಾಗಿದೆಯೆಂದು ಅರ್ಥವಲ್ಲ.

ಫಿಲಿಪೀನ್ಸಿನ ಮನಿಲಾ ನಿಲ್ದಾಣದಲ್ಲಿ, ಹಣ ಕೀಳುವುದಕ್ಕಾಗಿ ಚೀಲಗಳಲ್ಲಿ ಗುಂಡು ಹಾಕಲಾಗುತ್ತಿದೆಯೆಂಬ ಆರೋಪ 2015ರಲ್ಲಿ ದೊಡ್ಡ ಸುದ್ದಿಯಾಯಿತು. ಚೀಲಕ್ಕೆ ಬೀಗ ಹಾಕುವುದೂ ಅದನ್ನು ಕಣ್ಣಳತೆಯಲ್ಲಿ ಇಟ್ಟುಕೊಳ್ಳುವುದೂ ಏಕೆ ಅಗತ್ಯವೆಂಬುದನ್ನು ಇದು ತೋರಿಸುತ್ತದೆ.

ಪ್ರಯಾಣಕ್ಕೆ ಮೊದಲು

1. ಚೀಲವನ್ನು ಪೂರ್ತಿ ಬರಿದುಮಾಡಿ, ಎಲ್ಲ ಜೇಬುಗಳನ್ನೂ ಒಳಪದರವನ್ನೂ ಕೈಯಿಂದ ತಡವಿ ನೋಡಬೇಕು.

2. ತೋಟಕ್ಕೆ, ಬಂದೂಕು ಅಭ್ಯಾಸಕ್ಕೆ ಬಳಸುವ ಚೀಲವನ್ನು ಪ್ರಯಾಣಕ್ಕೆ ಬಳಸಬಾರದು. ಎರವಲು ಚೀಲವನ್ನು ಪರೀಕ್ಷಿಸದೆ ತುಂಬಬಾರದು.

3. ಪರವಾನಗಿಯುಳ್ಳವರು ಕಾಡತೂಸುಗಳನ್ನು ಒಯ್ಯಲೇಬೇಕಾದಲ್ಲಿ ವಿಮಾನ ಸಂಸ್ಥೆಯ ಅನುಮತಿಯನ್ನು ಮುಂಚಿತವಾಗಿ ಪಡೆದು, ಘೋಷಿಸಿ, ವಿಮಾನದ ಸರಕುಕೋಣೆಗೆ ಹೋಗುವ ಸಾಮಾನಿನಲ್ಲಿ ಮಾತ್ರ ಇಡಬೇಕು. ತಲುಪುವ ದೇಶದ ಮತ್ತು ನಡುವೆ ಇಳಿಯುವ ದೇಶದ ಅನುಮತಿಯೂ ಬೇಕಾಗುತ್ತದೆ.

4. ಮನೆಯ ಹಿರಿಯರು ತೀರಿಕೊಂಡ ನಂತರ ಉಳಿದ ಬಂದೂಕು, ಗುಂಡುಗಳನ್ನು ಅಧಿನಿಯಮದ 21ನೆಯ ಪ್ರಕರಣದಂತೆ ಹತ್ತಿರದ ಪೊಲೀಸ್ ಠಾಣೆಯಲ್ಲಿ ಅಥವಾ ಪರವಾನಗಿ ಪಡೆದ ಆಯುಧ ವ್ಯಾಪಾರಿಯಲ್ಲಿ ವಿಳಂಬವಿಲ್ಲದೆ ಠೇವಣಿ ಇಡಬೇಕು.

ಸಿಕ್ಕಿದಲ್ಲಿ ಮಾಡಬೇಕಾದುದೇನು?

ನಿಲ್ದಾಣದಲ್ಲಿದ್ದಾಗ ಪ್ರಯಾಣಿಕನಿಗೇ ಕಾಡತೂಸು ಕಂಡುಬಂದರೆ ಅದನ್ನು ಕಸದ ಬುಟ್ಟಿಗೆ ಎಸೆಯಬಾರದು. ಕೂಡಲೇ ಭದ್ರತಾ ಸಿಬ್ಬಂದಿಗೆ ತಿಳಿಸಬೇಕು. ತಪಾಸಣೆಯಲ್ಲಿ ಸಿಕ್ಕಿದರೆ ವಾದಕ್ಕಿಳಿಯದೆ, ಸುಳ್ಳು ಹೇಳದೆ, ಚೀಲ ಯಾರದು, ಗುಂಡು ಎಲ್ಲಿಂದ ಬಂದಿರಬಹುದು ಎಂಬುದನ್ನು ಇದ್ದಂತೆ ತಿಳಿಸಬೇಕು. ಮನೆಯಲ್ಲಿ ಯಾರಿಗಾದರೂ ಪರವಾನಗಿಯಿದ್ದರೆ ಅದರ ಪ್ರತಿಯನ್ನು ತರಿಸಿಕೊಳ್ಳುವುದು ಉಪಯುಕ್ತ. ಬಂಧನವಾದಲ್ಲಿ ಕಾರಣವನ್ನು ತಿಳಿಯುವ, ತನ್ನ ಆಯ್ಕೆಯ ವಕೀಲರನ್ನು ಕಾಣುವ, 24 ಗಂಟೆಗಳೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರಾಗುವ ಹಕ್ಕುಗಳನ್ನು ಸಂವಿಧಾನದ 22ನೆಯ ಅನುಚ್ಛೇದವು ನೀಡಿದೆ. ಮೊಕದ್ದಮೆಯನ್ನು ರದ್ದುಪಡಿಸುವಂತೆ 2023ರ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 528ನೆಯ ಪ್ರಕರಣದಡಿ ಉಚ್ಚ ನ್ಯಾಯಾಲಯವನ್ನು ಕೋರಬಹುದು.

ಹೊರದೇಶದಲ್ಲಿ ಬಂಧನವಾದರೆ ಭಾರತದ ರಾಯಭಾರ ಕಚೇರಿಗೆ ತಿಳಿಸುವಂತೆ ಅಲ್ಲಿನ ಅಧಿಕಾರಿಗಳನ್ನು ಕೇಳಬೇಕು. 1963ರ ವಿಯೆನ್ನಾ ಒಪ್ಪಂದದ 36ನೆಯ ಅನುಚ್ಛೇದದಲ್ಲಿ ಇದಕ್ಕೆ ಅವಕಾಶವಿದೆ. ಭಾಷೆ ತಿಳಿಯದ ಕಾಗದಕ್ಕೆ ಸಹಿ ಹಾಕಬಾರದು. ರಾಯಭಾರ ಕಚೇರಿಯು ವಕೀಲರನ್ನು ಗೊತ್ತುಮಾಡಿಕೊಳ್ಳಲು ನೆರವಾಗಬಲ್ಲದೇ ಹೊರತು, ಆ ದೇಶದ ನ್ಯಾಯಾಲಯದಿಂದ ಬಿಡಿಸಿ ತರಲಾರದೆಂಬುದನ್ನೂ ನೆನಪಿನಲ್ಲಿಡಬೇಕು. ಪ್ರಯಾಣದ ಹಿಂದಿನ ದಿನ ಚೀಲ ಪರೀಕ್ಷಿಸಲು ಹತ್ತು ನಿಮಿಷ ಸಾಕು. ಅದನ್ನು ಮಾಡದೆ ಹೋದರೆ ತೆರಬೇಕಾದುದು ವರ್ಷಗಳ ಲೆಕ್ಕದಲ್ಲಿರಬಹುದು.