ಬೀಟಲ್‌ನಲ್ಲಿ ಗೌನಿಪಲ್ಲಿಗೆ: ಆಯಿಲ್ ಬಿಸಿಯ ಮೇಲೆ ಕಣ್ಣಿಡುವ ಸೂತ್ರಗಳು

ಮಾವಿನ ಕಾಲದಲ್ಲಿ ಹಳೆಯ ಫೋಕ್ಸ್‌ವ್ಯಾಗನ್ ಬೀಟಲ್ ತೆಗೆದುಕೊಂಡು ಬೆಂಗಳೂರಿನಿಂದ ಹೊಸಕೋಟೆ, ಕೋಲಾರ, ಶ್ರೀನಿವಾಸಪುರದ ಮೇಲೆ ಗೌನಿಪಲ್ಲಿಗೆ ಹೋಗಿಬರುವುದು ಒಳ್ಳೆಯ ಯೋಚನೆಯೇ. ತೊಂದರೆ ಏನೆಂದರೆ, ಹಣ್ಣು ಮಾಗಿಸುವ ಬಿಸಿಲೇ ಎಂಜಿನ್ನನ್ನೂ ಬೇಯಿಸುತ್ತದೆ. ಈ ಕಾರಿಗೆ ರೇಡಿಯೇಟರ್ ಇಲ್ಲ, ನೀರೂ ಇಲ್ಲ. ಫ್ಯಾನಿನ ಗಾಳಿ ಮತ್ತು ಎರಡೂವರೆ ಲೀಟರ್ ಆಯಿಲ್, ಇವೆರಡೇ ಅದಕ್ಕೆ ಗತಿ. ಇಷ್ಟಾದರೂ ಮಾಮೂಲಿ ಬೀಟಲ್‌ನ ಡ್ಯಾಷ್‌ಬೋರ್ಡಿನಲ್ಲಿ ಆಯಿಲ್ ಎಷ್ಟು ಕಾದಿದೆ ಎಂದು ತೋರಿಸುವ ಮೀಟರ್ ಇರುವುದಿಲ್ಲ. ನಾವೇ ಹಾಕಿಸಿಕೊಳ್ಳಬೇಕು, ಹಾಕಿಸಿದ ಮೇಲೆ ಓದುವುದನ್ನೂ ಕಲಿಯಬೇಕು.

1. ದೀಪ ನಂಬಿ ಕೂರಬೇಡಿ.
ಆಯಿಲ್ ದೀಪ ಹತ್ತುವುದು ಆಯಿಲ್ ಒತ್ತಡ ಕುಸಿದಾಗ. ಆಯಿಲ್ ಕಾದು ನೀರಿನಂತೆ ತೆಳ್ಳಗಾಗಿ ಒತ್ತಡ ಕುಸಿಯುವ ಹೊತ್ತಿಗೆ ಬೇರಿಂಗ್‌ಗಳಿಗೆ ಏಟು ಬಿದ್ದಿರುತ್ತದೆ. ಇನ್ನೊಂದು ದೀಪ ಜನರೇಟರಿನದು. ಓಡುತ್ತಿರುವಾಗ ಅದು ಹತ್ತಿದರೆ ‘ಬ್ಯಾಟರಿ ತಾನೆ, ಊರಲ್ಲಿ ನೋಡೋಣ’ ಎನ್ನಬೇಡಿ. ಜನರೇಟರಿಗೂ ಫ್ಯಾನಿಗೂ ಒಂದೇ ಶಾಫ್ಟ್. ಬೆಲ್ಟ್ ಹರಿದಿದ್ದರೆ ಗಾಳಿಯೇ ನಿಂತಿದೆ. ಕೂಡಲೇ ಪಕ್ಕಕ್ಕೆ ನಿಲ್ಲಿಸಿ ಎಂಜಿನ್ ಆರಿಸಿ. ಒಂದು ಸ್ಪೇರ್ ಬೆಲ್ಟ್, 21ರ ಸ್ಪ್ಯಾನರ್ ಯಾವಾಗಲೂ ಕಾರಿನಲ್ಲಿರಲಿ.

2. ಸೆಂಡರ್ ಎಲ್ಲಿದೆ ತಿಳಿದುಕೊಳ್ಳಿ.
ಆಯಿಲ್ ಬಿಸಿ ಅಳೆದು ಮೀಟರಿಗೆ ತಿಳಿಸುವ ಈ ಸೆಂಡರನ್ನು ಅಡಿಯ ಸಂಪ್ ಪ್ಲೇಟಿನಲ್ಲಿ ಕೂರಿಸಬಹುದು, ಆಯಿಲ್ ಸ್ಟಿಕ್ ಜಾಗದಲ್ಲಿ ಇಳಿಬಿಡುವಂಥದ್ದೂ ಸಿಗುತ್ತದೆ. ಎಂಜಿನ್ ಸುತ್ತಿ ಬಿಸಿಯಾಗಿ ಇಳಿದ ಆಯಿಲ್ ಒಂದು ಅಂಕಿ ತೋರಿಸಿದರೆ, ಆಯಿಲ್ ಕೂಲರ್ ದಾಟಿ ಬಂದದ್ದು ಅದಕ್ಕಿಂತ ಕಡಿಮೆ ತೋರಿಸುತ್ತದೆ. ‘ನನ್ನದು 95, ನಿನ್ನದು 110’ ಎಂದು ಗೆಳೆಯರ ಜತೆ ಪಂದ್ಯ ಕಟ್ಟುವ ಮುಂಚೆ ಸೆಂಡರ್ ಎಲ್ಲಿದೆ ಎಂದು ಕೇಳಿಕೊಳ್ಳಿ. ಮೀಟರ್ ಒಂದು ಕಂಪನಿಯದು, ಸೆಂಡರ್ ಇನ್ನೊಂದರದ್ದು ಆದರೆ ಅಂಕಿ ಸುಳ್ಳು.

3. ಕುದಿವ ನೀರಿನಲ್ಲಿ ಪರೀಕ್ಷೆ ಮಾಡಿ.
ಬಹುಮಂದಿ ಇದನ್ನು ಮಾಡುವುದೇ ಇಲ್ಲ. ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದದ್ದು ಇದೇ. ಸೆಂಡರ್ ಬಿಚ್ಚಿ, ಅದರ ವೈರನ್ನು ಮೀಟರಿಗೆ ಜೋಡಿಸಿಯೇ ಇರಿಸಿ. ಒಂದೇ ವೈರಿನ ಸೆಂಡರ್‌ಗೆ ಅದರ ಮೈಯೇ ಅರ್ಥ್, ಹಾಗಾಗಿ ಮೈಯಿಂದ ಕಾರಿನ ಬಾಡಿಗೆ ಇನ್ನೊಂದು ವೈರ್ ಎಳೆಯಿರಿ, ಇಲ್ಲದಿದ್ದರೆ ಮುಳ್ಳು ಅಲುಗುವುದಿಲ್ಲ. ಪಾತ್ರೆಯಲ್ಲಿ ನೀರು ಕಳಕಳ ಕುದಿಯುವಾಗ ತುದಿ ಮಾತ್ರ ಮುಳುಗುವಂತೆ, ತಳಕ್ಕೆ ತಾಗದಂತೆ ಇಳಿಬಿಡಿ. ಮುಳ್ಳು 100ಕ್ಕೆ ಬರಲಿಲ್ಲವೆಂದು ಮೀಟರನ್ನು ಬೈಯಬೇಡಿ: ಕೋಲಾರ ಸಮುದ್ರಮಟ್ಟದಿಂದ 800 ಮೀಟರಿಗೂ ಮೇಲಿದೆ, ಇಲ್ಲಿ ನೀರು ಕುದಿಯುವುದೇ 97ರ ಆಸುಪಾಸು. ಮುಳ್ಳು 105 ತೋರಿಸಿದರೆ ನಿಮ್ಮ ಮೀಟರ್ ಎಂಟು ಡಿಗ್ರಿ ಹೆಚ್ಚು ಹೇಳುತ್ತದೆ. ಒಂದು ಚೀಟಿಯಲ್ಲಿ ಬರೆದು ಗ್ಲೋವ್ ಬಾಕ್ಸಿನಲ್ಲಿಡಿ.

4. ಈ ಅಂಕಿಗಳು ಬಾಯಿಪಾಠವಾಗಲಿ.
ಸಂಪಿನಲ್ಲಿ 80ರಿಂದ 105 ಡಿಗ್ರಿ ಸೆಲ್ಸಿಯಸ್, ನಿಶ್ಚಿಂತೆ. 110 ದಾಟಿದರೆ ಆಗಾಗ ಕಣ್ಣು ಹಾಯಿಸಿ. 120ಕ್ಕೆ ವೇಗ ಇಳಿಸಿ. 130ರ ಹತ್ತಿರ ಬಂದರೆ ನಿಲ್ಲಿಸಿ. ಹಾಗೆಂದು 60ರಲ್ಲೇ ನಿಂತರೆ ಹಿಗ್ಗಬೇಡಿ; ಆಯಿಲ್‌ನಲ್ಲಿ ಸೇರಿದ ನೀರಿನಂಶ ಆವಿಯಾಗದೆ ಮುಚ್ಚಳದ ಒಳಗೆ ಬೆಣ್ಣೆಬಣ್ಣದ ಜಿಡ್ಡು ಕಟ್ಟುತ್ತದೆ. ಮಾರ್ಕೆಟ್ಟಿಗೆ ಹೋಗಿಬರಲು ಮಾತ್ರ ಓಡಿಸುವ ಕಾರುಗಳ ಕಾಯಿಲೆ ಅದು.

5. ಹೊರಗಿನ ಸೆಕೆ ಕಳೆದು ಲೆಕ್ಕ ಹಾಕಿ.
ಹೊರಗೆ ಹತ್ತು ಡಿಗ್ರಿ ಏರಿದರೆ ಆಯಿಲೂ ಹೆಚ್ಚುಕಡಿಮೆ ಅಷ್ಟೇ ಏರುತ್ತದೆ. ಜನವರಿಯ 27 ಡಿಗ್ರಿಯಲ್ಲಿ 90 ತೋರಿಸಿದ ಕಾರು ಮೇ ತಿಂಗಳ 37ರಲ್ಲಿ 100 ತೋರಿಸಿದರೆ ರೋಗವಲ್ಲ. ಅದೇ ಕಾರು ಜನವರಿಯಲ್ಲೇ 105 ತೋರಿಸಿದರೆ ರೋಗ. ಹೊಸಕೋಟೆ, ಕೋಲಾರ, ಶ್ರೀನಿವಾಸಪುರ, ಮೂರು ಕಡೆ ಮೀಟರ್ ನೋಡಿ ಬರೆದಿಟ್ಟುಕೊಳ್ಳಿ. ಮುಂದಿನ ಸಲ ಅದೇ ದಾರಿ, ಅದೇ ವೇಗ; ವ್ಯತ್ಯಾಸ ತಾನೇ ಮಾತಾಡುತ್ತದೆ.

6. ಟಾಪ್ ಗೇರಿನಲ್ಲಿ ಏದುಸಿರು ಬಿಡಿಸಬೇಡಿ.
ಎಂಜಿನ್ ಎಷ್ಟು ಜೋರಾಗಿ ತಿರುಗಿದರೆ ಫ್ಯಾನ್ ಅಷ್ಟು ಗಾಳಿ ತಳ್ಳುತ್ತದೆ. ಏರಿನಲ್ಲಿ ಪೆಟ್ರೋಲ್ ಉಳಿಸುವ ಆಸೆಗೆ ನಾಲ್ಕನೇ ಗೇರಿನಲ್ಲೇ ಮುಕ್ಕರಿಸಿದರೆ ಹೊರೆ ಪೂರ್ತಿ, ಗಾಳಿ ಅರೆಬರೆ. ಮೂರಕ್ಕೆ ಇಳಿಸಿ. ಸದ್ದು ಹೆಚ್ಚಾಗುತ್ತದೆ, ಆಗಲಿ. ಆಯಿಲ್ ಮೀಟರ್ ನಿಧಾನದ ಪ್ರಾಣಿ ಎಂಬುದೂ ನೆನಪಿರಲಿ. ಏರಿನ ಬಿಸಿಯನ್ನು ಅದು ಏರು ಮುಗಿದ ಮೇಲೆ ತೋರಿಸೀತು.

7. ಮಂಡಿ ಮುಂದೆ ಸಿಕ್ಕಿಕೊಳ್ಳಬೇಡಿ.
ಸುಗ್ಗಿಯಲ್ಲಿ ಶ್ರೀನಿವಾಸಪುರದ ಮಾವಿನ ಮಂಡಿಗಳ ಆಸುಪಾಸು ಟ್ರ್ಯಾಕ್ಟರು, ಲಾರಿ, ಲಗೇಜ್ ಆಟೋಗಳ ನಡುವೆ ಆಮೆಯಂತೆ ಸಾಗಬೇಕಾದೀತು. ಐಡಲಿಂಗಿನಲ್ಲಿ ಫ್ಯಾನಿಗೂ ಉಸಿರಿಲ್ಲ. ಬಹಳ ಹೊತ್ತು ನಿಲ್ಲುವ ಲಕ್ಷಣ ಕಂಡರೆ ಎಂಜಿನ್ ಆರಿಸಿಬಿಡಿ, ಅಥವಾ ಬೆಳಗ್ಗೆ ಬೇಗ ದಾಟಿಬಿಡಿ.

8. ತಗಡು, ಹುಲ್ಲು, ಧೂಳು.
ಎಂಜಿನ್ ಸುತ್ತಲಿನ ತಗಡು ಅಲಂಕಾರಕ್ಕಲ್ಲ. ಅಂಚಿನ ರಬ್ಬರ್ ಹರಿದಿದ್ದರೆ ಸಿಲಿಂಡರ್ ಸುತ್ತಿ ಕಾದ ಗಾಳಿಯನ್ನೇ ಫ್ಯಾನ್ ಮತ್ತೆ ಎಳೆದುಕೊಳ್ಳುತ್ತದೆ. ರಾಗಿ, ಹುರುಳಿ ಕೊಯ್ಲಿನಲ್ಲಿ ನಮ್ಮ ಕಡೆ ಟಾರು ರಸ್ತೆಯೇ ಕಣ. ತೆನೆ ಹರವಿದ ಮೇಲೆ ಹಾದುಬಂದಿದ್ದರೆ ಹೊಟ್ಟು, ಕಡ್ಡಿ ಫಿನ್‌ಗಳ ಸಂದಿಯಲ್ಲೂ ಆಯಿಲ್ ಕೂಲರಿನಲ್ಲೂ ಕೂತಿವೆಯೇ ನೋಡಿಸಿ. ಮರೆತ ಬನಿಯನ್ ವೇಸ್ಟ್ ಒಂದು ಫ್ಯಾನಿಗೆ ಸಿಕ್ಕರೂ ಸಾಕು, ಎಂಜಿನ್ ಕೆಲಸಕ್ಕೆ ಬಂತು. ಹಳೆಯ ಮಾದರಿಗಳಲ್ಲಿ ಕೂಲರ್ ಗಾಳಿಪೆಟ್ಟಿಗೆಯ ಒಳಗೇ ನಿಂತು ಮೂರನೇ ಸಿಲಿಂಡರಿನ ಗಾಳಿಗೆ ಅಡ್ಡ ಬರುತ್ತಿತ್ತು. 1971ರ ಮಾದರಿಯಿಂದ ಅದನ್ನು ಪಕ್ಕಕ್ಕೆ ಸರಿಸಿದರು. ನಿಮ್ಮದು ಯಾವುದು ಎಂದು ತಿಳಿದಿರಲಿ.

9. ಮೀಟರ್ ಏರಿದರೆ ಮೊದಲು ಸ್ಟಿಕ್ ನೋಡಿ.
ಅರ್ಧ ಲೀಟರ್ ಕಡಿಮೆ ಎಂದರೆ ಐದರಲ್ಲೊಂದು ಪಾಲು ಇಲ್ಲವೆಂದೇ ಅರ್ಥ. ಹೆಚ್ಚು ಸುರಿದರೂ ನೊರೆಯೇಳುತ್ತದೆ, ಅದೂ ಕೆಟ್ಟದ್ದು. ಬಳಿಕ ಟೈಮಿಂಗ್, ತಣ್ಣಗಿರುವಾಗ ಟ್ಯಾಪೆಟ್ 0.15 ಮಿ.ಮೀ., ಬೆಲ್ಟಿನ ಬಿಗಿ. ಈಗಿನ ಎಥನಾಲ್ ಬೆರೆತ ಪೆಟ್ರೋಲಿಗೆ ಹಳೆಯ ಕಾರ್ಬ್ಯುರೇಟರ್ ಇಂಧನ ಸಾಲದ ಮಿಶ್ರಣ ಕೊಡುತ್ತದೆ, ಹೆಡ್ ಕಾಯುತ್ತದೆ. ಮೇನ್ ಜೆಟ್ ಒಂದು ಸೈಜು ದೊಡ್ಡದು ಹಾಕಬೇಕೇ ಎಂದು ಮೆಕ್ಯಾನಿಕ್ಕನ್ನು ಕೇಳಿ. ಆಯಿಲ್ 20ಡಬ್ಲ್ಯೂ-50. ಈ ಎಂಜಿನ್ನಿಗೆ ಫಿಲ್ಟರ್ ಇಲ್ಲ, ಬರೀ ಜಾಲರಿ. ಐದು ಸಾವಿರ ಕಿ.ಮೀ.ಗೆ ಬದಲಿಸಿ.

10. ನೀರು ಬೇಡ.
ರಸ್ತೆ ಪಕ್ಕ ಹಿಂದಿನ ಬಾನೆಟ್ ಎತ್ತಿ ನಿಂತರೆ ಒಳ್ಳೆಯ ಮನಸ್ಸಿನವರು ಯಾರಾದರೂ ಬಿಂದಿಗೆ ಸಮೇತ ಬಂದು “ನೀರು ಹುಯ್ಯಲಾ ಸಾರ್?” ಎನ್ನುತ್ತಾರೆ. ಕುಡಿಯಿರಿ, ಎಂಜಿನ್ನಿಗೆ ಹಾಕಿಸಬೇಡಿ. ಕಾದ ಹೆಡ್ ಬಿರುಕು ಬಿಟ್ಟೀತು. ಬೆಲ್ಟ್ ಗಟ್ಟಿಯಾಗಿದ್ದರೆ ಆರಿಸುವ ಮುಂಚೆ ಒಂದೆರಡು ನಿಮಿಷ ಐಡಲಿಂಗಿನಲ್ಲಿ ಬಿಡಿ, ಆಮೇಲೆ ನೆರಳು.

11. ಗೌನಿಪಲ್ಲಿಯಿಂದ ಮುಂದೆ.
ಗಡಿ ದಾಟಿ ಮದನಪಲ್ಲಿ ಕಡೆಯಿಂದ ಹಾರ್ಸ್ಲಿ ಹಿಲ್ಸ್ ಹತ್ತುವ ಉಮೇದಿದ್ದರೆ ಬಿಸಿಲೇರುವ ಮುಂಚೆ ಬೆಟ್ಟದ ಬುಡದಲ್ಲಿರಿ. ಮುಳ್ಳು 95ರ ಕೆಳಗಿರುವಾಗ ಏರು ಶುರುಮಾಡಿ, ಕಡಿದಾದ ತಿರುವುಗಳಲ್ಲಿ ಎರಡನೇ ಗೇರು. ಮೀಟರ್ ತಡವಾಗಿ ತೋರಿಸುವುದರಿಂದ ಇಲ್ಲಿ 130ರವರೆಗೆ ಕಾಯಬೇಡಿ; 120 ತಲುಪಿದರೆ ಅಗಲವಾದ ಜಾಗ ನೋಡಿ ನಿಲ್ಲಿಸಿ, ಮುಳ್ಳು 100ಕ್ಕೆ ಇಳಿದ ಮೇಲೆ ಹೊರಡಿ.