ಮನೆಯಾಕೆಯ ಕ್ಯಾನ್ಸರ್ ಚಿಕಿತ್ಸೆ: ಅಡ್ಡ ಪರಿಣಾಮಗಳ ದಿನವಹಿ



ನಮ್ಮ ವಾಚನಾಲಯಕ್ಕೆ ಸಂಜೆಯ ಹೊತ್ತು ಬರುವವರಲ್ಲಿ ಗಿರಣಿಯವರು, ಹೊಟೇಲಿನವರು, ಆಫೀಸುಗಳ ಕಾರಕೂನರೇ ಹೆಚ್ಚು. ಅವರಲ್ಲಿ ಕೆಲವರು ನಮ್ಮನ್ನು ಕೇಳುವದುಂಟು: "ಮನೆಯಾಕೆಗೆ ಕೀಮೋ ನಡೆದಿದೆ. ವಾಂತಿ ಆಗುವದು, ಕೂದಲು ಉದುರುವದು ಎಂದು ಡಾಕ್ಟರರು ಹೇಳಿದ್ದರು. ಈಗ ಅವರು ಹೇಳದೆ ಇದ್ದುದೇ ಆಗುತ್ತಿದೆ. ಏನು ಮಾಡಲಿ?"

ಊರಿನಲ್ಲಾದರೆ ಅತ್ತೆ, ಅತ್ತಿಗೆ, ನೆರೆಯವರು ಇರುತ್ತಾರೆ. ಇಲ್ಲಿ ಒಂದೇ ಕೋಣೆಯಲ್ಲಿ ಗಂಡ ಹೆಂಡಿರಿಬ್ಬರೇ. ಒಂದು ದಿನ ರಜೆ ಹಾಕಿದರೆ ಪಗಾರದಲ್ಲಿ ಕಡಿತ. ಆದ್ದರಿಂದ ಯಾವ ತೊಂದರೆಗೆ ನಡುರಾತ್ರಿಯಲ್ಲೂ ದವಾಖಾನೆಗೆ ಓಡಬೇಕು, ಯಾವದನ್ನು ಮರುದಿನ ಕೇಳಿದರೆ ಸಾಕು ಎಂಬ ತಿಳಿವಳಿಕೆ ನಮ್ಮಂಥವರಿಗೆ ಬಹು ಅವಶ್ಯ. ನಮ್ಮ ಮನೆಯಲ್ಲಿಯೂ ಈ ಚಿಕಿತ್ಸೆ ನಡೆದುದರಿಂದ, ಕಂಡದ್ದನ್ನೂ ಕೇಳಿ ತಿಳಿದದ್ದನ್ನೂ ಪಾಠದ ರೂಪದಲ್ಲಿ ಇಡುತ್ತಿದ್ದೇವೆ. ಹೆಂಡತಿಯು ಗಂಡನನ್ನು ನೋಡಿಕೊಳ್ಳುವಲ್ಲಿಯೂ ಇದೇ ಪಾಠ ಸಲ್ಲುವದು.

1. ಔಷಧವು ಏಕೆ ಪೀಡಿಸುವದು?

ಕ್ಯಾನ್ಸರಿನ ಜೀವಕೋಶಗಳು ತಡೆಯಿಲ್ಲದೆ ಒಡೆದು ಹೆಚ್ಚುತ್ತವೆ. ಕೀಮೋ ಔಷಧಗಳಲ್ಲಿ ಬಹಳಷ್ಟು, ಹೀಗೆ ಬೇಗ ಬೇಗ ಹೆಚ್ಚುವ ಕೋಶಗಳನ್ನು ಕೊಲ್ಲುತ್ತವೆ. ಆದರೆ ಬೇಗ ಹೆಚ್ಚುವ ಒಳ್ಳೆಯ ಕೋಶಗಳೂ ದೇಹದಲ್ಲಿ ಉಂಟು. ಎಲುಬಿನ ಮಜ್ಜೆಯಲ್ಲಿ ರಕ್ತ ತಯಾರಿಸುವಂಥವು, ಬಾಯಿ ಮತ್ತು ಕರುಳಿನ ಒಳಪದರದವು, ಕೂದಲಿನ ಬುಡದವು. ಔಷಧಕ್ಕೆ ತನ್ನವರು, ಪರರು ಎಂಬ ಭೇದ ಪೂರ್ತಿಯಾಗಿ ತಿಳಿಯದು. ಆದುದರಿಂದಲೇ ರಕ್ತಕಣ ಇಳಿಯುವದು, ಬಾಯಿಹುಣ್ಣು, ಭೇದಿ, ಕೂದಲು ಉದುರುವದು.

ಇದು ಮೊದಲಿನಿಂದಲೂ ತಿಳಿದ ಸಂಗತಿ. 1948ರಲ್ಲಿ ಅಮೇರಿಕೆಯ ಸಿಡ್ನಿ ಫಾರ್ಬರರು ರಕ್ತದ ಕ್ಯಾನ್ಸರಾದ ಮಕ್ಕಳಿಗೆ ಅಮಿನಾಪ್ಟೆರಿನ್ ಎಂಬ ಔಷಧ ಕೊಟ್ಟ ವಿವರವನ್ನು ಪ್ರಕಟಿಸಿದರು. ಆ ಔಷಧವು ಬಂದದ್ದು ನಮ್ಮ ನೆರೆಯ ಆಂಧ್ರದ ಭೀಮಾವರಂನಲ್ಲಿ ಹುಟ್ಟಿದ ಎಲ್ಲಾಪ್ರಗಡ ಸುಬ್ಬರಾಯರು ಮುಖ್ಯರಾಗಿದ್ದ ಲೆಡರ್ಲೆ ಪ್ರಯೋಗಶಾಲೆಯಿಂದ. ಆ ಮಕ್ಕಳಲ್ಲಿಯೂ ಬಾಯಿಹುಣ್ಣು ಕಂಡಿತ್ತು. ಅಡ್ಡ ಪರಿಣಾಮ ಬಂದಿತೆಂದರೆ ರೋಗ ಹೆಚ್ಚಿತೆಂದಾಗಲಿ, ಡಾಕ್ಟರರು ತಪ್ಪು ಔಷಧ ಕೊಟ್ಟರೆಂದಾಗಲಿ ತಿಳಿಯಬೇಕಾಗಿಲ್ಲ.

2. ಇಪ್ಪತ್ತೊಂದು ದಿನಗಳ ಲೆಕ್ಕ

ಸ್ತನದ ಕ್ಯಾನ್ಸರಿಗೆ ಕೊಡುವ ಒಂದು ರೂಢಿಯ ಕ್ರಮವನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಡಾಕ್ಸೊರುಬಿಸಿನ್ ಮತ್ತು ಸೈಕ್ಲೊಫಾಸ್ಫಮೈಡ್ ಎಂಬ ಎರಡು ಔಷಧಗಳನ್ನು 21 ದಿನಗಳಿಗೊಮ್ಮೆ, ಒಟ್ಟು 4 ಸಲ ಕೊಡುತ್ತಾರೆ. ಆಮೇಲೆ ಪ್ಯಾಕ್ಲಿಟಾಕ್ಸೆಲ್ ಎಂಬದನ್ನು ಆರಂಭಿಸುತ್ತಾರೆ. ಔಷಧ ಕೊಟ್ಟ ದಿನವನ್ನು 1 ಎಂದು ಎಣಿಸಿದರೆ ತೊಂದರೆಗಳು ಸಾಮಾನ್ಯವಾಗಿ ಈ ಕ್ರಮದಲ್ಲಿ ಬರುತ್ತವೆ.

ದಿನ 1 ರಿಂದ 5: ಓಕರಿಕೆ, ವಾಂತಿ, ಆಯಾಸ, ಬಾಯಿರುಚಿ ಕೆಡುವದು.
ದಿನ 5 ರಿಂದ 14: ಬಾಯಿಹುಣ್ಣು, ಕೆಲವರಿಗೆ ಭೇದಿ.
ದಿನ 7 ರಿಂದ 14: ಬಿಳಿ ರಕ್ತಕಣಗಳು ಅತಿ ಕಡಿಮೆಯಾಗುವ ಕಾಲ.
ದಿನ 14 ರಿಂದ 21: ಕೂದಲು ಉದುರಲು ಆರಂಭ, ರಕ್ತಕಣಗಳು ಮತ್ತೆ ಏರುವ ಕಾಲ.

ಇದರಲ್ಲಿ ಮೋಸ ಹೋಗುವ ಸ್ಥಳವೊಂದಿದೆ. ವಾಂತಿ ನಿಂತ ಮೇಲೆ ಮನೆಯಾಕೆ ಎದ್ದು ಓಡಾಡುತ್ತಾಳೆ, ರೊಟ್ಟಿ ಬಡಿಯುತ್ತಾಳೆ. ಗಂಡಸರು ಸಂಕಟ ತೀರಿತೆಂದು ಓವರ್‌ಟೈಮಿಗೆ ನಿಲ್ಲುತ್ತಾರೆ. ಆದರೆ ಎರಡನೆಯ ವಾರವೇ ದೇಹದ ಕಾವಲುಗಾರರು ಕಡಿಮೆ ಇರುವ ವಾರ. ನೋಡಲು ಚೆನ್ನಾಗಿದ್ದರೂ ಸೋಂಕು ಒಳಹೊಕ್ಕರೆ ತಡೆಯುವವರಿಲ್ಲ. ರಜೆ ಉಳಿದಿದ್ದರೆ ಆ ವಾರಕ್ಕಾಗಿ ಒಂದೆರಡು ದಿನ ಕಾದಿರಿಸುವದು ಲೇಸು.

3. ಬೆಳಗಿನವರೆಗೆ ಕಾಯಬಾರದ ಸಂಗತಿಗಳು

ಇವುಗಳಲ್ಲಿ ಮೊದಲನೆಯದು ಜ್ವರ. ಮನೆಯಲ್ಲಿ ಒಂದು ಥರ್ಮಾಮೀಟರು ಇರಲೇಬೇಕು. 100.4 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 38 ಡಿಗ್ರಿ ಸೆಲ್ಸಿಯಸ್, ಅಥವಾ ಮೇಲೆ ಹೋದರೆ, ಇಲ್ಲವೆ ಚಳಿನಡುಕ ಬಂದರೆ, ರಾತ್ರಿ ಎರಡು ಗಂಟೆಯಾದರೂ ಹೊರಡಬೇಕು. ಪ್ಯಾರಾಸಿಟಮಾಲ್ ಗುಳಿಗೆ ನುಂಗಿಸಿ ಬೆಳಗಾಗಲೆಂದು ಕಾಯುವದು ಅಪಾಯ. ಗುಳಿಗೆಯು ಕಾವನ್ನು ಇಳಿಸುವದು, ಸೋಂಕನ್ನು ಅಲ್ಲ. ರಕ್ತಕಣ ಕಡಿಮೆಯಿದ್ದಾಗ ಸೋಂಕು ಕೆಲವೇ ತಾಸುಗಳಲ್ಲಿ ಪ್ರಾಣಕ್ಕೆ ಬರಬಹುದು. ಇಂಥ ರೋಗಿಗೆ ಬಂದ ಒಂದು ತಾಸಿನೊಳಗೆ ಸೋಂಕಿನ ಔಷಧವನ್ನು ನರದಲ್ಲಿ ಕೊಡಬೇಕೆಂಬದು ವೈದ್ಯರ ಗುರಿ.

ಅಪಘಾತ ವಿಭಾಗದ ಬಾಗಿಲಲ್ಲಿ ಉದ್ದವಾದ ಕಥೆ ಹೇಳಬಾರದು. ಮೊದಲ ಮಾತೇ "ಕೀಮೋ ಆಗಿ ಹತ್ತು ದಿನ, ಜ್ವರ ನೂರಾ ಒಂದು" ಎಂದಿರಬೇಕು. ಇಲ್ಲಿಯ ಭಾಷೆ ಸರಿಯಾಗಿ ಬಾರದವರು ಇಷ್ಟನ್ನು ಹಿಂದಿಯಲ್ಲಿ ಬಾಯಿಪಾಠ ಮಾಡಿಕೊಳ್ಳಲಿ: "ಕೀಮೋ ಚಲ್ ರಹಾ ಹೈ, ಬುಖಾರ್ ಹೈ." ಔಷಧಗಳ ಹೆಸರು, ಕೊಟ್ಟ ತಾರೀಖು ಬರೆದ ಚೀಟಿಯನ್ನು ಫೈಲಿನ ಮೇಲೆಯೇ ಅಂಟಿಸಿಡಬೇಕು.

ಜ್ವರದಂತೆಯೇ ತಡಮಾಡಬಾರದ ಬೇರೆ ಸಂಗತಿಗಳು: ಉಸಿರು ಕಟ್ಟುವದು ಅಥವಾ ಎದೆನೋವು, ಒಂದೇ ಕಾಲು ಬಾತು ನೋಯುವದು, ಏಕೆಂದರೆ ಅದು ನರದಲ್ಲಿ ರಕ್ತ ಹೆಪ್ಪುಗಟ್ಟಿದ ಗುರುತಾಗಿರಬಹುದು, ನಿಲ್ಲದ ರಕ್ತಸ್ರಾವ, ನೀರೂ ನಿಲ್ಲದಂತೆ ವಾಂತಿ, ಸೂಜಿ ಚುಚ್ಚಿದ ಸ್ಥಳದಲ್ಲಿ ಉರಿ, ಕೆಂಪು, ಬಾವು.

4. ಅಂಜಿಸುವ, ಆದರೆ ಕಾರಣ ತಿಳಿದಿರುವ ಸಂಗತಿಗಳು

ಕೆಂಪು ಮೂತ್ರ: ಡಾಕ್ಸೊರುಬಿಸಿನ್ ಔಷಧವೇ ಕೆಂಪು. ಒಂದೆರಡು ದಿನ ಮೂತ್ರಕ್ಕೆ ಆ ಬಣ್ಣ ಬರುವದು. ಆಮೇಲೂ ಕೆಂಪಾಗಿದ್ದರೆ, ಅಥವಾ ಉರಿ ಇದ್ದರೆ, ತಿಳಿಸಬೇಕು.

ಎಲುಬು ನೋವು: ಬಿಳಿ ರಕ್ತಕಣ ಏರಿಸಲು ಕೊಡುವ ಫಿಲ್ಗ್ರಾಸ್ಟಿಮ್ ಜಾತಿಯ ಇಂಜೆಕ್ಷನ್ನಿನಿಂದ ಸೊಂಟ, ಬೆನ್ನು, ತೊಡೆಯ ಎಲುಬು ನೋಯುತ್ತವೆ. ರೋಗ ಎಲುಬಿಗೆ ಇಳಿಯಿತೆಂದು ಗಂಡ ಹೆಂಡಿರು ಅತ್ತುದನ್ನು ನಾವು ಕಂಡಿದ್ದೇವೆ. ಮಜ್ಜೆಯು ಕೆಲಸಕ್ಕೆ ತೊಡಗಿದ ನೋವು ಅದು. ಯಾವ ಗುಳಿಗೆ ಕೊಡಬೇಕೆಂದು ಡಾಕ್ಟರರನ್ನೇ ಕೇಳಬೇಕು.

ಮಲಬದ್ಧತೆ: ವಾಂತಿ ತಡೆಯುವ ಒಂಡಾನ್ಸೆಟ್ರಾನ್ ಗುಳಿಗೆಯೇ ಹೊಟ್ಟೆ ಕಟ್ಟುವದುಂಟು. ಮೂರನೆಯ ದಿನದವರೆಗೆ ಸುಮ್ಮನಿರದೆ ಮೊದಲೇ ಔಷಧ ಕೇಳುವದು ಒಳ್ಳೆಯದು.

ನಿದ್ದೆ ಇಲ್ಲದಿರುವದು, ಸಕ್ಕರೆ ಏರುವದು: ಜೊತೆಗೆ ಕೊಡುವ ಡೆಕ್ಸಾಮೆಥಾಸೋನ್ ಎಂಬ ಗುಳಿಗೆಯ ಕೆಲಸ. ಮಧುಮೇಹ ಇದ್ದವರು ಮೊದಲೇ ಹೇಳಬೇಕು. ಬೆಳಗಿನ ಹೊತ್ತು ಕೊಡಬಹುದೇ ಎಂದು ಕೇಳಬೇಕು.

ಭೇದಿ: ಜೀವಜಲದ ಪುಡಿಯನ್ನು ಪೊಟ್ಟಣದ ಮೇಲೆ ಬರೆದಷ್ಟೇ ನೀರಿನಲ್ಲಿ ಕರಗಿಸಿ ಕೊಡಬೇಕು. ನಿತ್ಯಕ್ಕಿಂತ ನಾಲ್ಕು ಸಲ ಹೆಚ್ಚಾದರೆ ಅಂದೇ ದವಾಖಾನೆಗೆ ತಿಳಿಸಬೇಕು.

5. ಮುಚ್ಚಿಡುವ ರೂಢಿ

ನಮ್ಮ ಹೆಂಗಸರು ತಮ್ಮ ನೋವನ್ನು ಕೊನೆಗೆ ಹೇಳುವವರು. ನಮ್ಮ ಮನೆಯಾಕೆಗೆ ಪ್ಯಾಕ್ಲಿಟಾಕ್ಸೆಲ್ ನಡೆದಾಗ ಬೆರಳ ತುದಿಗಳು ಜೋಮು ಹಿಡಿದಿದ್ದವು. ಕುಪ್ಪಸದ ಗುಂಡಿ ಹಾಕಲು ಬರುತ್ತಿರಲಿಲ್ಲ. ಬಿಸಿ ಪಾತ್ರೆ ಹಿಡಿದರೂ ಸುಡುವದು ತಿಳಿಯುತ್ತಿರಲಿಲ್ಲ. ಅಂಗೈಯ ಬೊಬ್ಬೆ ಕಂಡು ನಾವು ಕೇಳಿದಾಗ ಆಕೆ ಹೇಳಿದ್ದು: "ಹೇಳಿದ್ರ ಸಲಾಯಿನ್ ನಿಲ್ಲಸ್ತಾರ್ರೀ. ನಿಲ್ಲಿಸಿದ್ರ ರೋಗ ತಿರುಗಿ ಬರ್ತದ. ನಿಮ್ಮ ರೊಕ್ಕಾನೂ ಹೋಗ್ತದ." ಡಾಕ್ಟರರಿಗೆ ತಿಳಿಸಿದಾಗ ಅವರು ಚಿಕಿತ್ಸೆ ನಿಲ್ಲಿಸಲಿಲ್ಲ, ಪ್ರಮಾಣವನ್ನು ತುಸು ತಗ್ಗಿಸಿ ಮುಂದುವರಿಸಿದರು.

ಬಹಳ ಮನೆಗಳಲ್ಲಿ ಈ ಅಂಜಿಕೆಯೇ ಇದೆ. ಆದರೆ ಜೋಮನ್ನು ಮೊದಲೇ ಹೇಳಿದರೆ ತಗ್ಗಿಸಬಹುದು. ಬಹಳ ದಿನ ಮುಚ್ಚಿಟ್ಟರೆ ಅದು ಕಾಯಮ್ಮಾಗಿ ಉಳಿಯಬಹುದು. ಆದುದರಿಂದ "ಹೇಗಿದ್ದೀ?" ಎಂದು ಕೇಳಿದರೆ ಸಾಲದು. "ಚೆನ್ನಾಗಿದ್ದೇನೆ" ಎಂಬ ಉತ್ತರ ಸಿದ್ಧವಾಗಿಯೇ ಇರುವದು. ಗುಂಡಿ ಹಾಕಲು ಬರುವದೇ, ಮೆಟ್ಟಿಲು ಹತ್ತಿದಾಗ ದಣಿವೆಷ್ಟು, ನುಂಗಲು ನೋವೇ ಎಂದು ಒಂದೊಂದಾಗಿ ಕೇಳಬೇಕು.

6. ದಿನವಹಿ ಬರೆಯುವ ರೀತಿ

ನಾವು ಕಾರಕೂನರು ದಿನವೂ ಕಿರ್ದಿ ಬರೆಯುವವರು. ಅದೇ ರೂಢಿಯನ್ನು ಮನೆಗೆ ತರೋಣ. ಇಪ್ಪತ್ತು ರೂಪಾಯಿಯ ನೋಟಬುಕ್ಕಿನಲ್ಲಿ ಗೆರೆ ಎಳೆದು ಆರು ಕಲಮುಗಳನ್ನು ಮಾಡಬೇಕು: ತಾರೀಖು, ಕೀಮೋ ಆಗಿ ಎಷ್ಟನೆಯ ದಿನ, ಬೆಳಿಗ್ಗೆ ಮತ್ತು ಸಂಜೆಯ ಜ್ವರ, ತಿಂದದ್ದು, ಕುಡಿದದ್ದು, ವಾಂತಿ, ಭೇದಿ ಎಷ್ಟು ಸಲ, ಹೊಸ ತೊಂದರೆ.

ಹೊರರೋಗಿ ವಿಭಾಗದ ಗದ್ದಲದಲ್ಲಿ ಡಾಕ್ಟರರಿಗೆ ದೊರೆಯುವದು ಕೆಲವೇ ನಿಮಿಷ. "ಬಹಳ ವಾಂತಿ" ಎಂದರೆ ಅವರಿಗೆ ತಿಳಿಯುವದು ಸ್ವಲ್ಪ. "ಎರಡನೆಯ ದಿನ ಐದು ಸಲ, ಮೂರನೆಯ ದಿನ ಎರಡು ಸಲ" ಎಂದರೆ ಔಷಧ ಬದಲಿಸಲು ಆಧಾರ ಸಿಗುವದು. ಎರಡನೆಯ ಸುತ್ತಿಗೆ ಈ ವಹಿಯೇ ನಿಮ್ಮ ಪಂಚಾಂಗ. ಹೋದ ಸಲ ಯಾವ ದಿನ ಬಾಯಿಹುಣ್ಣು ಬಂದಿತೋ ಅದರ ಹಿಂದಿನ ದಿನವೇ ನೀವು ಸಿದ್ಧರಿರಬಹುದು.

7. ಒಂದು ಕೋಣೆಯ ಮನೆಯಲ್ಲಿ

ನೀರು ಕುದಿಸಿ ಆರಿಸಿದ್ದೇ ಆಗಲಿ. ಊಟ ಆಗಲೇ ಬೇಯಿಸಿದ್ದಿರಲಿ. ಬೀದಿಯ ಕಬ್ಬಿನ ಹಾಲು, ಕೊಯ್ದಿಟ್ಟ ಹಣ್ಣು ಬೇಡ. ಬಾಯಿಹುಣ್ಣಿದ್ದಾಗ ಖಾರ ಬಿಟ್ಟು ಮೆತ್ತನ್ನ ಅನ್ನ, ರವೆಗಂಜಿ ಕೊಡಬೇಕು. ಉಪ್ಪು, ಅಡಿಗೆ ಸೋಡ ಬೆರೆಸಿದ ನೀರಿನಿಂದ ದಿನಕ್ಕೆ ನಾಲ್ಕಾರು ಸಲ ಬಾಯಿ ಮುಕ್ಕಳಿಸಬೇಕು. ಹೊರಗಿನಿಂದ ಬಂದವರು ಸಾಬೂನಿನಿಂದ ಕೈ ತೊಳೆದೇ ಬಳಿಗೆ ಹೋಗಬೇಕು. ಕೀಮೋ ಆದ ಎರಡು ದಿನ ವಾಂತಿ, ಮೂತ್ರದ ಬಟ್ಟೆಗಳನ್ನು ಬರಿಗೈಯಿಂದ ಮುಟ್ಟದೆ ರಬ್ಬರಿನ ಕೈಚೀಲ ಹಾಕಿ ಬೇರೆಯಾಗಿ ಒಗೆಯಬೇಕು. ಊರಿನಿಂದ ಯಾರಾದರೂ ಗಿಡಮೂಲಿಕೆಯ ಪುಡಿ ಕಳುಹಿಸಿದರೆ ಡಾಕ್ಟರರಿಗೆ ತೋರಿಸದೆ ಕೊಡಬಾರದು; ಕೆಲವು ಪುಡಿಗಳು ಯಕೃತ್ತನ್ನು ಕೆಡಿಸಿ ಕೀಮೋಗೆ ಅಡ್ಡಿಯಾಗುತ್ತವೆ.

ಕೊನೆಯದಾಗಿ ನೋಡಿಕೊಳ್ಳುವವರ ಮಾತು. ರಾತ್ರಿ ಪಾಳಿ ಮುಗಿಸಿ ಹಗಲು ಶುಶ್ರೂಷೆ ಮಾಡುವವನು ತಿಂಗಳೊಳಗೆ ತಾನೇ ಮಲಗುವನು. ಚಾಳಿನ ನೆರೆಯವರೊಬ್ಬರಿಗೆ ಜ್ವರದ ನಿಯಮವನ್ನು ಹೇಳಿಕೊಟ್ಟು, ದವಾಖಾನೆಯ ಫೋನ್ ನಂಬರನ್ನು ಬಾಗಿಲ ಹಿಂದೆ ಬರೆದಿಟ್ಟರೆ, ನೀವು ಕೆಲಸದ ಮೇಲಿದ್ದಾಗಲೂ ಮನೆಯಾಕೆ ಒಬ್ಬಳೇ ಆಗುವದಿಲ್ಲ. ಬರೆಯಲು ಬಾರದವರು ಭಾನುವಾರ ನೋಟಬುಕ್ಕಿನೊಡನೆ ವಾಚನಾಲಯಕ್ಕೆ ಬರಲಿ. ಗೆರೆ ಹಾಕಿ, ಕಲಮು ತುಂಬುವದನ್ನು ತೋರಿಸಿಕೊಡುತ್ತೇವೆ.

ಅಭ್ಯಾಸಕ್ಕಾಗಿ ಪ್ರಶ್ನೆಗಳು

1. ಕೀಮೋ ಆದ ಎರಡನೆಯ ವಾರದಲ್ಲಿ ರೋಗಿಯು ಚೆನ್ನಾಗಿ ಕಂಡರೂ ಏಕೆ ಎಚ್ಚರದಿಂದಿರಬೇಕು?
2. ಜ್ವರ ಎಷ್ಟಾದರೆ ರಾತ್ರಿಯಲ್ಲೂ ಹೊರಡಬೇಕು? ಬಾಗಿಲಲ್ಲಿ ಮೊದಲ ಮಾತು ಏನಿರಬೇಕು?
3. ಎಲುಬು ನೋವು ಬಂದೊಡನೆ ರೋಗ ಹರಡಿತೆಂದು ಏಕೆ ತಿಳಿಯಬಾರದು?
4. ನಿಮ್ಮ ಮನೆಯ ದಿನವಹಿಯಲ್ಲಿ ಇನ್ನೂ ಯಾವ ಕಲಮು ಬೇಕಾಗುವದು?