ವಾರಕ್ಕೆ 150 ನಿಮಿಷ, ಎರಡು ದಿನ ಅಕ್ಕಿಚೀಲ

"ದಿನಾ ವಾಕಿಂಗ್ ಹೋಗ್ತೀನಿ, ತೂಕ ಮಾತ್ರ ಅಲ್ಲಾಡ್ತಿಲ್ಲ ಸಾವ್ಕಾರ್ರೆ" ಎನ್ನುವ ಗಿರಾಕಿಗಳು ನನ್ನ ಕಿರಾಣಿ ಅಂಗಡಿಗೆ ಆಗಾಗ ಬರುತ್ತಾರೆ. ಹೊಸದುರ್ಗದಲ್ಲಿ ಗಲ್ಲಾದ ಮುಂದೆ ಕೂತೇ ಐವತ್ತು ದಾಟಿದವನು ನಾನು. ಬೆಳಿಗ್ಗೆ ಷಟರ್ ಎತ್ತುವುದು, ರಾತ್ರಿ ಇಳಿಸುವುದು, ಮೈಗೆ ಬಿದ್ದ ಕೆಲಸ ಅಂದರೆ ಅಷ್ಟೇ. ಸಕ್ಕರೆ ಕಾಯಿಲೆ, ಬಿ.ಪಿ. ಇನ್ನೂ ಬಂದಿರಲಿಲ್ಲ, ಹೊಟ್ಟೆ ಬಂದಿತ್ತು. ಅದನ್ನು ಕರಗಿಸಿ, ಮತ್ತೆ ಬರದಂತೆ ನೋಡಿಕೊಳ್ಳುವಾಗ ಕಲಿತದ್ದನ್ನು ಗಿರಾಕಿಗಳಿಗೆ ಬಿಡಿಬಿಡಿಯಾಗಿ ಹೇಳುತ್ತಿದ್ದೆ. ಈಗ ಒಟ್ಟಿಗೆ ಬರೆಯುತ್ತಿದ್ದೇನೆ.

ಮೊದಲಿಗೆ, ಎಷ್ಟು ತೂಕ ಸರಿ ಅನ್ನುವುದು ಗೊತ್ತಿರಬೇಕು. ತೂಕವನ್ನು ಕೆಜಿಯಲ್ಲಿ ಬರೆದು, ಮೀಟರಿನಲ್ಲಿ ಅಳೆದ ಎತ್ತರದಿಂದ ಎರಡು ಸಲ ಭಾಗಿಸಿದರೆ ಬಿಎಂಐ ಸಿಗುತ್ತದೆ. ಬೇರೆ ದೇಶಗಳಲ್ಲಿ 25ರವರೆಗೆ ಚಿಂತೆಯಿಲ್ಲ ಎನ್ನುತ್ತಾರೆ. ನಮ್ಮವರಿಗೆ ಕಡಿಮೆ ತೂಕದಲ್ಲೇ ಸಕ್ಕರೆ ಕಾಯಿಲೆ ಅಂಟಿಕೊಳ್ಳುವುದರಿಂದ ಇಲ್ಲಿನ ವೈದ್ಯರು 23ಕ್ಕೇ ಗೆರೆ ಎಳೆದಿದ್ದಾರೆ. ಐದೂವರೆ ಅಡಿಗೆ ಒಂದಿಂಚು ಕಡಿಮೆ, ಅಂದರೆ 165 ಸೆಂ.ಮೀ. ಎತ್ತರದವರಿಗೆ ಅದು ಸುಮಾರು 63 ಕೆಜಿ. ತಕ್ಕಡಿಗಿಂತ ಟೇಪು ಇನ್ನೂ ನೇರವಾಗಿ ಹೇಳುತ್ತದೆ: ಸೊಂಟದ ಸುತ್ತಳತೆ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ಒಳಗಿರಬೇಕು.

ಇನ್ನು ವ್ಯಾಯಾಮ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೊರಡಿಸಿದ ಸಲಹೆಯಲ್ಲಿ ದೊಡ್ಡವರಿಗೆ ದಿನದ ಲೆಕ್ಕವೇ ಇಲ್ಲ, ಇರುವುದೆಲ್ಲ ವಾರದ ಲೆಕ್ಕ. ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮ, ಇಲ್ಲವೇ 75ರಿಂದ 150 ನಿಮಿಷ ಕಠಿಣ ಶ್ರಮ. ಜೊತೆಗೆ ಕನಿಷ್ಠ ಎರಡು ದಿನ ಸ್ನಾಯುಗಳಿಗೆ ಬಲ ಕೊಡುವ ಕೆಲಸ. ವ್ಯಾಪಾರಸ್ಥನಿಗೆ ಇದು ವರದಾನ. ಸಂತೆಯ ದಿನ, ಹಬ್ಬದ ಹಿಂದಿನ ದಿನ ನಮಗೆ ಉಸಿರಾಡಲೂ ಪುರಸೊತ್ತಿರುವುದಿಲ್ಲ. ದಿನಾ ಮಾಡಲೇಬೇಕು ಎಂದು ಹೊರಟವನು ಇಂಥ ಒಂದು ದಿನ ತಪ್ಪಿದರೆ ಸಾಕು, 'ಇನ್ನೇನು ಕೆಟ್ಟಿತು' ಎಂದು ಪೂರ್ತಿ ಬಿಟ್ಟುಬಿಡುತ್ತಾನೆ. ವಾರದ ಲೆಕ್ಕ ಇಟ್ಟುಕೊಂಡವನು ಮಂಗಳವಾರದ್ದನ್ನು ಗುರುವಾರಕ್ಕೆ ಹಾಕಿಕೊಂಡು ಮುಂದೆ ಹೋಗುತ್ತಾನೆ.

ನನ್ನ ವಾರ ಹೀಗಿದೆ. ಸೋಮವಾರ, ಬುಧವಾರ, ಶುಕ್ರವಾರ ಅಂಗಡಿ ತೆಗೆಯುವ ಮುಂಚೆ 35 ನಿಮಿಷ ಬಿರುನಡಿಗೆ. ಮಂಗಳವಾರ, ಶನಿವಾರ ಮನೆಯಲ್ಲೇ ಬಲದ ವ್ಯಾಯಾಮ. ಗುರುವಾರ ಸೂರ್ಯನಮಸ್ಕಾರ, ಅದೂ ನಿಧಾನವಾಗಿ, ಮೈ ಸಡಿಲವಾಗುವಷ್ಟು. ಭಾನುವಾರ ಒಂದು ತಾಸು ದೂರದ ನಡಿಗೆ. ಸರಕು ತರಲು ಚಿತ್ರದುರ್ಗಕ್ಕೆ ಹೋದ ವಾರ ಅದರ ಬದಲು ಕೋಟೆ ಹತ್ತುತ್ತೇನೆ. ಏಕನಾಥೇಶ್ವರಿ ಗುಡಿಯತ್ತ ಏರುವಾಗ ಏದುಸಿರು ಬರುತ್ತದಲ್ಲ, ಅದು ಕಠಿಣ ಶ್ರಮ. ಅದರ ಒಂದೊಂದು ನಿಮಿಷವನ್ನೂ ಎರಡೆಂದು ಎಣಿಸಬಹುದು.

ನಡಿಗೆಯಲ್ಲೂ ಗುಟ್ಟಿದೆ. ಜೊತೆಯವರೊಂದಿಗೆ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಅಷ್ಟು ಬಿರುಸಿದ್ದರೆ ಅದು ಮಧ್ಯಮ ಶ್ರಮ. ಮೈದಾನದಲ್ಲಿ ರಾಜಕೀಯ ಮಾತಾಡುತ್ತಾ ಸುತ್ತುವವರಲ್ಲಿ ಬಹಳ ಜನ ಆರಾಮಾಗಿ ಹಾಡಬಲ್ಲರು. ಬೇಸಿಗೆಯಲ್ಲಿ ಬಿಸಿಲೇರುವ ಮೊದಲೇ ಮುಗಿಸಬೇಕು. ಆಷಾಢದ ಗಾಳಿಗೆ ನಮ್ಮ ಗುಡ್ಡಗಳ ಮೇಲಿನ ಗಾಳಿಯಂತ್ರಗಳು ಬಿಡುವಿಲ್ಲದೆ ತಿರುಗುವಾಗ ನಾನು ಹೋಗುವಾಗ ಗಾಳಿಗೆ ಎದುರಾಗಿ ನಡೆಯುತ್ತೇನೆ, ಬರುವಾಗ ಅದೇ ಬೆನ್ನು ತಳ್ಳುತ್ತದೆ.

ಹೆಚ್ಚಿನವರು ಕೈಬಿಡುವುದು ಬಲದ ವ್ಯಾಯಾಮವನ್ನೇ. ವಯಸ್ಸಾದಂತೆ ಸ್ನಾಯು ತಾನಾಗಿ ಕರಗುತ್ತದೆ. ಊಟ ಕಡಿಮೆ ಮಾಡಿ ಬರೀ ನಡೆದರೆ ಇಳಿಯುವ ತೂಕದಲ್ಲಿ ಅದರ ಪಾಲೂ ಇರುತ್ತದೆ. ಇದಕ್ಕೆ ಜಿಮ್ ಬೇಕಿಲ್ಲ. ಮರದ ಕುರ್ಚಿಯ ಅಂಚಿನಲ್ಲಿ ಕೂತು, ಕೈಗಳನ್ನು ಎದೆಯ ಮೇಲೆ ಕಟ್ಟಿ, ಎಲ್ಲೂ ಹಿಡಿಯದೆ ಏಳುವುದು, ನಿಧಾನಕ್ಕೆ ಕೂರುವುದು. ಹತ್ತು ಸಲ ಮಾಡಿ, ಒಂದು ನಿಮಿಷ ಸುಧಾರಿಸಿಕೊಂಡು ಇನ್ನೆರಡು ಸುತ್ತು. ಅದು ಸಲೀಸಾದ ಮೇಲೆ ಕುರ್ಚಿ ಸರಿಸಿ ಬಸ್ಕಿ. ದಂಡ ಹೊಡೆಯಲು ಆಗದವರು ಗೋಡೆಗೆ ಕೈ ಕೊಟ್ಟು ಶುರು ಮಾಡಬಹುದು. ಕೊನೆಗೆ ಅಂಗಡಿಯ 10 ಕೆಜಿ ಅಕ್ಕಿಚೀಲವನ್ನು ನೆಲದಿಂದ ಎತ್ತಿ ಇಳಿಸುತ್ತೇನೆ. ಇದರಲ್ಲಿ ನನ್ನ ಗುರು ಲಾರಿಯಿಂದ ಮೂಟೆ ಇಳಿಸುವ ಹಮಾಲಿ. "ಸೊಂಟ ಬಗ್ಗಿಸ್ಬೇಡಿ ಸಾವ್ಕಾರ್ರೆ, ಮಂಡಿ ಮಡಚಿ. ಚೀಲ ಹೊಟ್ಟೆಗೆ ಒತ್ಕೊಳ್ಳಿ, ತೊಡೇಲಿ ಎದ್ದೇಳಿ" ಎಂದು ಒಂದು ಸಲ ಎತ್ತಿ ತೋರಿಸಿದ. ಬೆನ್ನು ಹಲಗೆಯಂತೆ ನೆಟ್ಟಗಿತ್ತು, ಕೆಲಸವೆಲ್ಲ ತೊಡೆಯದು. ಎತ್ತುವಾಗ ಉಸಿರು ಬಿಡಬೇಕು, ಬಿಗಿಹಿಡಿಯಬಾರದು.

ಇಷ್ಟು ಮಾಡಿಯೂ ತೂಕ ಇಳಿಯದಿದ್ದರೆ ಕಾರಣ ಸಾಮಾನ್ಯವಾಗಿ ನನ್ನ ಅಂಗಡಿಯಲ್ಲೇ ಸಿಗುತ್ತದೆ. 70 ಕೆಜಿಯವರು ಅರ್ಧ ಗಂಟೆ ಚುರುಕಾಗಿ ನಡೆದರೆ ಖರ್ಚಾಗುವುದು ಸುಮಾರು 120ರಿಂದ 150 ಕ್ಯಾಲೊರಿ. ಒಂದು ದೊಡ್ಡ ಚಮಚ ಎಣ್ಣೆಯಲ್ಲೇ 120 ಇದೆ. ಸಂಜೆ ಒಂದು ಪ್ಲೇಟು ಮಂಡಕ್ಕಿ, ಎರಡು ಮೆಣಸಿನಕಾಯಿ ಬಜ್ಜಿ ತಿಂದರೆ ಬೆಳಗಿನ ನಡಿಗೆಗೆ ವಜಾ. ನಮ್ಮ ತಾಲ್ಲೂಕಿನಲ್ಲಿ ಬೆಳೆಯುವ ಸಾವೆ ಒಳ್ಳೆಯದೇ, ಆದರೆ ಅಕ್ಕಿಗೂ ಸಾವೆಗೂ ಕ್ಯಾಲೊರಿಯಲ್ಲಿ ದೊಡ್ಡ ಅಂತರವಿಲ್ಲ. ಸಿರಿಧಾನ್ಯ ಎಂದು ಎರಡು ಪಾಲು ಬಡಿಸಿಕೊಂಡರೆ ತೂಕ ಇಳಿಯುವುದಿಲ್ಲ. ತೂಕ ಇಳಿಸುವುದರಲ್ಲಿ ತಟ್ಟೆಯ ಪಾಲು ದೊಡ್ಡದು, ಇಳಿದದ್ದು ಮತ್ತೆ ಏರದಂತೆ ಹಿಡಿಯುವುದರಲ್ಲಿ ವ್ಯಾಯಾಮದ ಪಾಲು ದೊಡ್ಡದು. ನಾನು ಎರಡನ್ನೂ ಮಾಡಿ ನೋಡಿದವನು. ತೂಕ ಈಗ ಒಂದೆರಡು ಕೆಜಿಯ ಆಚೀಚೆ ನಿಂತಿದೆ, ಬೆಲ್ಟು ಒಳಗಿನ ತೂತಿಗೆ ಬಂದಿದೆ.

ಎದೆನೋವು, ಮಂಡಿನೋವು ಇರುವವರು, ಸಕ್ಕರೆಗೆ ಇನ್ಸುಲಿನ್ ತೆಗೆದುಕೊಳ್ಳುವವರು ವೈದ್ಯರನ್ನು ಕೇಳಿಯೇ ಶುರು ಮಾಡಬೇಕು. ತೋಟದಲ್ಲಿ ದಿನವಿಡೀ ಗುದ್ದಲಿ ಹಿಡಿದವರಿಗೆ ಈ ನಡಿಗೆ ಬೇಕಿಲ್ಲ. ಅವರಿಗೆ ಬೇಕಾದದ್ದು ಮೈ ಸಡಿಲಿಸುವುದು, ನಿದ್ದೆ. ನಡಿಗೆ ಬೇಕಾದದ್ದು ಮೊಬೈಲಿನಲ್ಲೇ ಮೋಟಾರು ಚಾಲೂ ಮಾಡಿ, ಬೈಕಿನಲ್ಲಿ ತೋಟ ಸುತ್ತಿ ಬರುವವರಿಗೆ.

ಯೋಜನೆ ಹಾಕಲು ಹೊರಟವರಿಗೆ ನಾನು ಹೇಳುವುದಿಷ್ಟು. ಗೋಡೆಯ ಕ್ಯಾಲೆಂಡರಿನಲ್ಲಿ ಮೊದಲು ಮದುವೆ, ಜಾತ್ರೆ, ಸಂತೆ, ಪ್ರಯಾಣ ಗುರುತು ಹಾಕಿಕೊಳ್ಳಿ. ಉಳಿದ ದಿನಗಳಲ್ಲಿ ನಡಿಗೆ, ಬಲ, ವಿಶ್ರಾಂತಿಯನ್ನು ಹಂಚಿ. ಮದುವೆ ಊಟ ಬಿಟ್ಟು ಮೈದಾನಕ್ಕೆ ಹೋಗುವ ಯೋಜನೆ ನಮ್ಮ ಊರಲ್ಲಿ ಒಂದು ತಿಂಗಳೂ ಬಾಳುವುದಿಲ್ಲ.